ನಾಲಿಗೆ ತುದಿಯ ಉಪ್ಪು

ರಂಜಾನ್ ಬಂತೆಂದರೆ ನಮ್ಮ ಮೆಹದಿಪಟ್ಟಣಂ ಮನೆಯಲ್ಲಿ ನಾನು ಅರ್ಧ ಮೌಲ್ವಿ ಆಗಿಬಿಡುತ್ತೇನೆ. ಉಗುಳು ನುಂಗಿದರೆ ರೋಜಾ ಮುರಿಯುವುದಿಲ್ಲ, ಮರೆತು ನೀರು ಕುಡಿದರೂ ಮುರಿಯುವುದಿಲ್ಲ, ಬೇಕೆಂದೇ ಒಂದು ಗುಟುಕು ಕುಡಿದರೆ ಮುರಿಯುತ್ತದೆ ಎಂದು ಯಾರೂ ಕೇಳದಿದ್ದರೂ ಹೇಳುತ್ತಿರುತ್ತೇನೆ. ರಜೆಯ ಮಧ್ಯಾಹ್ನವೆಲ್ಲ ಫ್ಯಾನಿನ ಕೆಳಗೆ ಗೊರಕೆ ಹೊಡೆದು ಉಪವಾಸ ಮಾಡುವವನಿಗೆ ಇಷ್ಟೆಲ್ಲ ಜ್ಞಾನ ಯಾತಕ್ಕೋ!

ಹೋದ ವರ್ಷ ಒಂದು ಸಂಜೆ, ಇಫ್ತಾರಿಗೆ ಇನ್ನೂ ಒಂದೂವರೆ ಗಂಟೆ ಇರುವಾಗ, ಒಗ್ಗರಣೆಯ ಘಮ ತಡೆಯಲಾರದೆ ಅಡುಗೆಮನೆಗೆ ಹೋದೆ. ಹೆಂಡತಿ ಹುಳಿಬೇಳೆಯ ಒಂದು ಹನಿಯನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಉಗುಳಿ, ಬಾಯಿ ತೊಳೆದಳು.

"ಮುರೀತು! ಇವತ್ತಿನ ರೋಜಾ ಹೋತು," ಎಂದೆ, ಕಳ್ಳನನ್ನು ಹಿಡಿದವನ ಉತ್ಸಾಹದಲ್ಲಿ.

"ಗಂಟಲದಾಗ ಇಳದಿಲ್ರಿ. ಬರೇ ಉಪ್ಪು ನೋಡೀನಿ."

"ನಾಲಿಗಿಗೆ ಹತ್ತಿದ್ರ ಮುಗೀತು. ರಂಜಾನ್ ಆದಮ್ಯಾಲ ಇನ್ನೊಂದು ರೋಜಾ ಹಿಡಿ."

ಜ್ವರವಿದ್ದ ದಿನವೂ ರೋಜಾ ಬಿಡದವಳು ಅವಳು. ಮುಖ ಸಣ್ಣದು ಮಾಡಿಕೊಂಡು ಸೌಟು ಕೆಳಗಿಟ್ಟಳು. "ಮೌಲಾನಾ ಅವರನ್ನ ಕೇಳಿ ಬರ್ರಿ," ಎಂದಳು. ಗೆದ್ದೇ ಬರುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟೆ.

ನಮ್ಮ ಮಸೀದಿಯ ಮೌಲಾನಾ ರಾಯಚೂರು ಕಡೆಯವರು. ಯಾರ ಮನೆಯ ಮಾತೆಂದು ನಾನು ಹೇಳಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡು, "ನುಂಗಿಲ್ಲಂದ್ರ ಮುರಿಯಂಗಿಲ್ಲ," ಎಂದರು. "ಸುಮ್‌ಸುಮ್ನ ರುಚಿ ನೋಡಬಾರದು, ಖರೆ. ಆದ್ರ ಗಂಡ ಸಿಡುಕ ಇದ್ದು, ಉಪ್ಪಿನ ಸಲುವಾಗಿ ಜಗಳಾ ತೆಗೀತಾನಂದ್ರ, ಹೆಂಡತಿ ನಾಲಿಗಿ ತುದೀಲೆ ನೋಡಬಹುದು ಅಂತ ಹಿರಿಯರು ಸವಲತ್ತು ಕೊಟ್ಟಾರ. ಅಕಿ ಗಂಡ ಹೆಂಗದಾನ?"

"ಇದು ನಮ್ಮ ಬಾಜೂ ಮನಿಯವರ ವಿಷಯರಿ," ಎಂದುಬಿಟ್ಟೆ. ಸುಳ್ಳಿನಿಂದ ರೋಜಾ ಮುರಿಯುವುದಿಲ್ಲ, ಪುಣ್ಯ ಮಾತ್ರ ಸೋರಿಹೋಗುತ್ತದೆ; ಅದೂ ನನಗೆ ಬಾಯಿಪಾಠ. ಉಪ್ಪು ಕಡಿಮೆಯಾದರೆ ತಟ್ಟೆ ದೂಡಿ ಏಳುವುದು, ಹೆಚ್ಚಾದರೆ ಅವಳ ತವರನ್ನೂ ಸೇರಿಸಿ ಬೈಯುವುದು ನನ್ನ ಹಳೆಯ ಚಾಳಿ.

ಮನೆಗೆ ಬಂದು, "ನಿನ್ನ ರೋಜಾ ಮುರದಿಲ್ಲಂತ," ಎಂದೆ. ಸವಲತ್ತಿನ ಸುದ್ದಿ ಎತ್ತಲಿಲ್ಲ.

"ನನಗ ಗೊತ್ತೈತ್ರಿ. ಮದವ್ಯಾದ ಮೊದಲನೇ ರಂಜಾನದಾಗ ಕೇಳೀನಿ. ನೀವೂ ಒಮ್ಮೆ ಕೇಳ್ಲಿ ಅಂತ ಕಳಿಸಿದೆ."

ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು.

ಅಜಾನ್ ಆಯಿತು. ನಾನು ಖರ್ಜೂರ ತಿಂದು, ಅನ್ನಕ್ಕೆ ಬೇಳೆ ಕಲಸಿಕೊಂಡೆ. ಉಪ್ಪು ಹೇಗಿತ್ತೋ ನೆನಪಿಲ್ಲ. ತಲೆ ಎತ್ತಿ ನೋಡಿದರೆ ಅವಳ ಖರ್ಜೂರ ಇನ್ನೂ ಕೈಯಲ್ಲೇ ಇತ್ತು. ನಾನು ಮೊದಲ ತುತ್ತು ನುಂಗುವುದನ್ನೇ ಕಾಯುತ್ತಿದ್ದಳು.