ಕತ್ತರಿಯ ಸದ್ದಿಗೆ ಓದುವವಳು

ಕಕ್ಕಿಂಜೆಯ ಕಾವೇರಮ್ಮನ ಅಜ್ಜಿ ಪೊನ್ನಕ್ಕ ಭತ್ತದ ನೇಜಿ ನೆಡುವ ಗದ್ದೆಯಲ್ಲಿ ಮುಂದಾಳಾಗಿ ಹಾಡುತ್ತಿದ್ದವಳು. ನಲವತ್ತು ಹೆಂಗಸರು ಅವಳ ಹಾಡಿಗೆ ಒಂದೇ ಗೆರೆಯಲ್ಲಿ ಹಿಂದೆ ಸರಿಯುತ್ತಿದ್ದರು. ಬೇಗ ಬೇಗ ಹಾಡು, ಕೆಲಸ ಮುಗಿಯಲಿ ಎಂದು ಗದ್ದೆಯ ಧಣಿ ಒಮ್ಮೆ ಗದರಿಸಿದಾಗ ಅವಳು ಗದ್ದೆಯಂಚಿನ ಹುಣಿಯ ಮೇಲೆ ಕುಳಿತು ಬಾಯಿ ಮುಚ್ಚಿದಳು. ಗದ್ದೆಗೆ ಗದ್ದೆಯೇ ನಿಂತಿತು. ಧಣಿ ತಾನೇ ಬಂದು ಎಲೆಯಡಿಕೆ ಕೊಟ್ಟ ಮೇಲೆಯೇ ಆ ಬಾಯಿ ತೆರೆದದ್ದು. ಪೊನ್ನಕ್ಕನ ಮಗ ಕುಶಾಲಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಂಗಡಿಯವರು ಜೀನಸು ಕಟ್ಟಿ ಕೊಟ್ಟ ಪೊಟ್ಟಣದ ಕಾಗದ ಬಿಡಿಸಿ ಬಿಡಿಸಿ ಅಕ್ಷರ ಕಲಿತವನು. ಭೂಮಸೂದೆ ಬಂದ ಕಾಲದಲ್ಲಿ ಒಕ್ಕಲುಗಳಿಗೆ ಗೇಣಿಯ ಭೂಮಿ ತಮ್ಮದೆನ್ನುವ ಡಿಕ್ಲರೇಶನ್ ಅರ್ಜಿಯನ್ನು ಸಾಲು ಸಾಲಾಗಿ ಓದಿ ಹೇಳಿ, ಹೆಬ್ಬೆಟ್ಟು ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಎಂದು ತೋರಿಸಿದವನು ಅವನೇ. ಅಜ್ಜಿಯ ಬಾಯಿ, ಅಪ್ಪನ ಅಕ್ಷರ ಎರಡೂ ಕಾವೇರಮ್ಮನಿಗೆ ಬಂದವು. ತಗ್ಗುವ ಗುಣ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಹಾಗಾಗಿ ಅದು ಬರಲಿಲ್ಲ.

ಸಬೀಹಾಳ ಮನೆಯ ಜಗಲಿಯಲ್ಲಿ ದಿನಾ ಹತ್ತು ಗಂಟೆಗೆ ಬೀಡಿ ಕಟ್ಟುವ ಹೆಂಗಸರು ಸೇರುತ್ತಾರೆ. ಅಲ್ಲಿ ಕಂಬದ ಬುಡದ ಮಣೆ ಮೂವತ್ತು ವರ್ಷದಿಂದ ಕಾವೇರಮ್ಮನದು. ಉಳಿದವರು ಮಡಿಲಲ್ಲಿ ಗೆರಸೆ ಇಟ್ಟು ಕಟ್ಟುವುದು, ಅವಳು ಪೇಪರನ್ನೂ ವಾರಪತ್ರಿಕೆಯ ಧಾರಾವಾಹಿಯನ್ನೂ ಗಟ್ಟಿಯಾಗಿ ಓದುವುದು. ಪತ್ರಿಕೆ ಹಿಡಿದ ಕೈಗೆ ಬೀಡಿ ಸುತ್ತಲಾಗದು. ಅದಕ್ಕೆ ಪ್ರತಿಯೊಬ್ಬಳೂ ತಾನು ಕಟ್ಟಿದ್ದರಲ್ಲಿ ಒಂದು ಕಟ್ಟನ್ನು ಅವಳ ಬುಟ್ಟಿಗೆ ಹಾಕುತ್ತಿದ್ದಳು. ಹೀಗೆಂದು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ತಪ್ಪಿಸಿದ್ದೂ ಇಲ್ಲ.

ಆ ಓದಿಗೆ ಒಂದು ಹದ ಇತ್ತು. ಎಲ್ಲರ ಕತ್ತರಿಯೂ ಎಲೆ ಕತ್ತರಿಸುವಾಗ ಕತೆ ಓಡುತ್ತಿತ್ತು. ಕತ್ತರಿಯ ಸದ್ದು ನಿಂತು ಬೆರಳು ನೂಲಿಗೆ ಹೋದೊಡನೆ ಓದು ನಿಧಾನವಾಗುತ್ತಿತ್ತು. ಕತೆಯಲ್ಲಿ ಕೊಲೆಯೋ ಕಳ್ಳತನವೋ ಬಂದರೆ ಅದನ್ನು ಮರುದಿನ ಎಲೆ ಕತ್ತರಿಸುವ ಹೊತ್ತಿಗೆ ದೂಡುತ್ತಿದ್ದಳು. ಕಟ್ಟುವ ಕೈ ನಡುಗಿದರೆ ಬೀಡಿ ಸಡಿಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಕೇಳುವವರಿಗೆ ಗೊತ್ತೂ ಇರಲಿಲ್ಲ.

ಅವಳ ಕಣ್ಣಿಗೆ ಪೊರೆ ಬಂದದ್ದನ್ನೂ ಹೇಳಲಿಲ್ಲ. ಅಕ್ಷರ ಕಾಣದಾದ ಮೇಲೆ ಪತ್ರಿಕೆಯನ್ನು ಸುಮ್ಮನೆ ಮುಂದೆ ಹಿಡಿದು, ಧಾರಾವಾಹಿಯನ್ನು ತಾನೇ ಕಟ್ಟಿ ಹೇಳತೊಡಗಿದಳು. ಅದರ ನಾಯಕಿ ಒಬ್ಬಳು ಸೂಲಗಿತ್ತಿ. ಕಾವೇರಮ್ಮ ಅವಳನ್ನು ಬೊಂಬಾಯಿಗೆ ಕಳುಹಿಸಿ, ಒಂದು ಹೋಟೆಲನ್ನೂ ತೆರೆಸಿದಳು.

"ಅಲ್ಲ ಕಾವೇರಕ್ಕ," ಎಂದಳು ಪಕ್ಕದಲ್ಲಿ ಕಟ್ಟುತ್ತಿದ್ದ ಜಸ್ನಾ ಒಂದು ದಿನ, "ಅವಳು ಹೋದ ತಿಂಗಳೇ ಬಾವಿಗೆ ಬಿದ್ದು ಸತ್ತಿದ್ದಾಳಲ್ಲ? ನನ್ನ ತವರಿನಲ್ಲಿ ಈ ಪತ್ರಿಕೆ ಬರ್ತದೆ. ನಿಮ್ಮದರಲ್ಲಿ ಹೇಗೆ ಹೋಟೆಲು ನಡೆಸ್ತಾಳೆ?"

ಮೋಕ್ಷಿತಾ ಎದ್ದು ಪತ್ರಿಕೆಯನ್ನು ಕಿತ್ತುಕೊಂಡಳು. ಇವಳು ಎರಡು ವರ್ಷದ ಹಿಂದೆ ಮೂಡಬಿದಿರೆಯಿಂದ ಈ ಊರಿಗೆ ಬಂದ ಸೊಸೆ. ಬೆಳಗಾದರೆ ಮೈ ಇಳಿಸಲು ಘಾಟಿ ರಸ್ತೆಯಲ್ಲಿ ಬೀಸಾಗಿ ನಡೆಯುವವಳು, ಕಿವಿಯಲ್ಲಿ ಪಾಡ್‌ಕಾಸ್ಟ್ ಇಲ್ಲದೆ ಅಂಗಳವನ್ನೂ ಗುಡಿಸದವಳು. ನಡೆಯುವುದಕ್ಕೂ ಕಿವಿಯಲ್ಲಿ ಒಬ್ಬರು ಕೂತು ಹೇಳಬೇಕಾದ ಕಾಲ ಇದು.

"ಎಂತ ಅಕ್ಕ, ಈ ಪುಟದಲ್ಲಿ ಸೋಪಿನ ಜಾಹೀರಾತು ಉಂಟಷ್ಟೆ! ಸೋಪು ನೋಡಿ ಕತೆ ಹೇಳಿದ್ದಾ? ಕಣ್ಣು ಕಾಣುವುದಿಲ್ಲ ಅಂತ ಹೇಳಿದ್ರೆ ನಾವೆಂತ ತಿಂತಿದ್ವಾ?"

"ನನ್ನ ಕಣ್ಣು ಸರಿ ಉಂಟು. ಅಚ್ಚು ಹಾಕುವವರಿಗೆ ಶಾಯಿಗೆ ದಾರಿದ್ರ್ಯ."

ಕುಣಿಯಲಾರದವಳಿಗೆ ಅಂಗಳವೇ ಡೊಂಕು. ಹೆಂಗಸರು ನಕ್ಕರು. ಮೂವತ್ತು ವರ್ಷದಲ್ಲಿ ಅವಳ ಕತೆಗೆ ನಕ್ಕವರು, ಅಂದು ಮೊದಲ ಬಾರಿಗೆ ಅವಳಿಗೇ ನಕ್ಕರು.

ಮರುದಿನ ಅವಳು ಬರುವಾಗ ಮಣೆಯ ಮೇಲೆ ಮೋಕ್ಷಿತಾಳ ಪಾಡ್‌ಕಾಸ್ಟ್ ನುಡಿಸುವ, ತೆಂಗಿನಕಾಯಿಯಷ್ಟು ದೊಡ್ಡ ಸ್ಪೀಕರ್ ಕೂತಿತ್ತು.

"ಅದನ್ನು ಇಳಿಸು," ಎಂದಳು ಕಾವೇರಮ್ಮ.

"ಅದಕ್ಕೆ ಕನ್ನಡಕ ಬೇಡ ಅಕ್ಕ. ದಿನಕ್ಕೊಂದು ಕಟ್ಟು ಬೀಡಿಯೂ ಬೇಡ," ಎಂದಳು ಮೋಕ್ಷಿತಾ.

"ನಿನ್ನ ಬಾಯಿಯ ಹಾಗೆಯೇ ಉಂಟು ಬಿಡು. ಚಾರ್ಜು ಮುಗಿಯುವವರೆಗೆ ನಿಲ್ಲುವುದಿಲ್ಲ."

ಯಾರಾದರೂ ಕರೆದಾರೆಂದು ಅವಳು ಮೆಟ್ಟಿಲಲ್ಲಿ ಒಂದು ಗಳಿಗೆ ನಿಂತಳು. ಅವಳ ಓದು ಕೇಳಿಕೊಂಡೇ ಮೂರು ಹೆತ್ತ ಸಬೀಹಾ ಗೆರಸೆಯಿಂದ ತಲೆ ಎತ್ತಲಿಲ್ಲ. ಕಾವೇರಮ್ಮ ಮನೆಗೆ ಹೋಗಿ, ಮೂವತ್ತು ವರ್ಷದ ಮೇಲೆ ತಾನೇ ಬೀಡಿ ಕಟ್ಟಲು ಕೂತಳು. ಕಣ್ಣಿಲ್ಲದಿದ್ದರೂ ಬೆರಳು ಮರೆತಿರಲಿಲ್ಲ.

ಇತ್ತ ಜಗಲಿಯಲ್ಲಿ ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಕತೆ. ಪಾತ್ರೆ ತೊಳೆಯುವಾಗ ತಾನು ಕೇಳುವ ಸಕ್ಕರೆ ಕಾಯಿಲೆಯ ಡಾಕ್ಟರು ಬೇಕೆಂದು ಸಬೀಹಾ, ಬಟ್ಟೆ ಒಗೆಯುವಾಗ ಕೇಳುವ ಪೊಲೀಸ್ ಕೇಸು ಬೇಕೆಂದು ಜಸ್ನಾ. ಮೋಕ್ಷಿತಾಳದು 'ನಿನ್ನನ್ನು ನೀನು ಗೆಲ್ಲು' ಎಂಬ ಉಪದೇಶ.

"ನನ್ನನ್ನು ನಾನು ಗೆದ್ದು ಕೂತರೆ ಬೀಡಿ ಕಟ್ಟುವುದು ಯಾರು ಮಾರಾಯ್ತಿ?" ಎಂದಳು ಜಸ್ನಾ. ಪೊಲೀಸ್ ಕೇಸೇ ಗೆದ್ದಿತು, ಅದರ ಸದ್ದು ಕಾವೇರಮ್ಮನ ಮನೆಯವರೆಗೂ ಕೇಳಿತು. ಕೊಲೆಗಾರ ಬಾಗಿಲ ಹಿಂದೆ ನಿಂತಾಗ ಎಲ್ಲರ ಬೆರಳೂ ನೂಲಿನ ಮೇಲೆ ನಿಂತವು. ಅವನು ಹೊರಗೆ ಹಾರಿದಾಗ ಗಂಟು ಬಿಗಿಯದೆಯೇ ಬೀಡಿಗಳು ಬುಟ್ಟಿಗೆ ಬಿದ್ದವು. ಸ್ಪೀಕರು ಯಾರ ಕತ್ತರಿಯ ಸದ್ದನ್ನೂ ಕೇಳುವುದಿಲ್ಲ.

ಶನಿವಾರ, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಚೆಕ್ಕರ್ ಉಮ್ಮರ್ ಕಟ್ಟುಗಳನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ. ನೂಲು ಜಾರಿ ಬೀಡಿಗಳು ಬಾಯಿ ಬಿಟ್ಟವು. ಅರ್ಧಕ್ಕರ್ಧ ತೆಗೆದು ಮೂಲೆಗೆ ಎಸೆದ.

"ಇದು ಕೈಯಲ್ಲಿ ಕಟ್ಟಿದ್ದಾ, ಕಾಲಿನಲ್ಲಾ? ಜಗಲಿಯಲ್ಲಿ ಈಗ ಓದುವುದು ಯಾರು?"

ಸಬೀಹಾ ತನ್ನ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಕಾವೇರಕ್ಕ ಓದಿದ ವಾರದ ಬೀಡಿಯನ್ನು ನಾನು ಕಣ್ಣು ಮುಚ್ಚಿ ತೆಗೊಳ್ತಿದ್ದೆ," ಎಂದ ಉಮ್ಮರ್. ಸಾಲಿನ ಕೊನೆಗೆ ಬುಟ್ಟಿ ಹಿಡಿದು ನಿಂತಿದ್ದ ಕಾವೇರಮ್ಮನ ಬೀಡಿಗಳಲ್ಲಿ ಒಂದನ್ನೂ ಅವನು ಎಸೆಯಲಿಲ್ಲ. ಅವಳು ಹೆಂಗಸರ ಕಡೆ ತಿರುಗಿ, "ಕೊಲೆಗಾರ ಸಿಕ್ಕಿದನಾ ಮತ್ತೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ರಸ್ತೆಗಿಳಿದಳು.

ಅಂದು ಸಂಜೆಯೇ ಮೋಕ್ಷಿತಾ ಅವಳ ಅಂಗಳಕ್ಕೆ ಬಂದಳು. ಸೋತವಳ ನಡಿಗೆ ಅದಲ್ಲ, ಉಪಕಾರ ಮಾಡಲು ಹೊರಟವಳ ನಡಿಗೆ.

"ಬೆಳ್ತಂಗಡಿಯಲ್ಲಿ ಕಣ್ಣಿನ ಶಿಬಿರ ಉಂಟು ಅಕ್ಕ. ನಾನೇ ಕರ್ಕೊಂಡು ಹೋಗ್ತೇನೆ. ಅಲ್ಲಿಯವರೆಗೆ ಎಂತ ಮಾಡುವ ಅಂದ್ರೆ, ನೀವು ಇಲ್ಲಿ ಕೂತು ಕತೆ ಹೇಳಿ, ನಾನು ಫೋನಿಗೆ ಹಿಡೀತೇನೆ. ನಿಮ್ಮದೇ ಒಂದು ಪಾಡ್‌ಕಾಸ್ಟ್. ಜಗಲಿಯಲ್ಲಿ ನಾವು ಹಾಕ್ತೇವೆ, ದುಬೈಯವರೂ ಕೇಳ್ತಾರೆ. ನಿಮಗೆ ಬಂದು ಕೂರುವ ಕಷ್ಟವೂ ಇಲ್ಲ."

ಕಾವೇರಮ್ಮ ಗೆರಸೆಯನ್ನು ಮಡಿಲಿನಿಂದ ಇಳಿಸಲಿಲ್ಲ.

"ದುಬೈಯವರು ಬೀಡಿ ಕಟ್ತಾರಾ? ನಿನ್ನ ಫೋನಿನ ಕೈಯಲ್ಲಿ ಕತ್ತರಿ ಉಂಟಾ? ಕತ್ತರಿಯ ಸದ್ದಿಲ್ಲದೆ ನನ್ನ ಬಾಯಿ ಏಳುವುದಿಲ್ಲ ಹೆಣ್ಣೇ. ನನ್ನ ಸ್ವರವನ್ನು ಆ ಡಬ್ಬಿಗೆ ತುಂಬಿಸಿ, ಅದೇ ಮಣೆಯಲ್ಲಿ ಕೂರಿಸಿ, ನನ್ನನ್ನು ಹೊರಗೆ ಇಡುವ ಉಪಾಯವಾ? ಕಣ್ಣು ನನ್ನದು, ಅದರ ಪೊರೆಯೂ ನನ್ನದು. ಶಿಬಿರಕ್ಕೆ ಬಸ್ಸು ಉಂಟು, ಹೋಗಬೇಕು ಅಂತ ಕಂಡರೆ ನಾನೇ ಹತ್ತುತ್ತೇನೆ. ಮೊದಲು ಮಣೆ ಖಾಲಿ ಮಾಡಿ. ಖಾಲಿಯಾದ ದಿನ ನಾನೇ ಬಂದು ಕೂರ್ತೇನೆ. ಕೈ ಹಿಡಿದು ಕೂರಿಸಲಿಕ್ಕೆ ನೀನು ಬರುವುದು ಬೇಡ."