ಪಡಸಾಲೆಯ ಕಂಪ್ಯೂಟರಿನಲ್ಲಿ ಬೋಳು ಪುಟ

ಜುಲೈ ಒಂಬತ್ತು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಬಿ.ಎಡ್. ಅರ್ಜಿ ತುಂಬಲು ನಮ್ಮ ಬೈಲಹೊಂಗಲದ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತೆ. ಗಡುವು ಶುಕ್ರವಾರ ಸಂಜೆ ಐದರವರೆಗೆ. ಹೋದ ವರ್ಷ ಅವ್ವನ ಆಸ್ಪತ್ರೆಯ ಓಡಾಟದಲ್ಲಿ ಅರ್ಜಿ ಹಾಕುವುದು ಆಗಲಿಲ್ಲ. ಈ ಸಲವೂ ತಪ್ಪಿದರೆ ಇನ್ನೊಂದು ವರ್ಷ ಹೋಗುತ್ತದೆ.

ಪುಟ ತೆರೆಯಿತು, ಆದರೆ ಬೋಳಾಗಿ. ಬಣ್ಣವಿಲ್ಲ, ಚೌಕಗಳಿಲ್ಲ. ಅಕ್ಷರಗಳೆಲ್ಲ ಎಡಗಡೆಗೆ ಒತ್ತಿಕೊಂಡು ಒಂದರ ಕೆಳಗೊಂದು ನಿಂತಿದ್ದವು. ಫೋಟೋ ಇರಬೇಕಾದಲ್ಲಿ ಖಾಲಿ ಪೆಟ್ಟಿಗೆ. ಅರ್ಜಿಯ ಕಾಲಂಗಳನ್ನು ಒತ್ತಿದರೆ ಏನೂ ಆಗುತ್ತಿರಲಿಲ್ಲ. ಮೊಬೈಲಿನಲ್ಲಿ ನೋಡಿದರೆ ಬಣ್ಣವೇನೋ ಬಂತು, ಆದರೆ ಸಣ್ಣ ಪರದೆಗೆ ಪುಟದ ಬಲಭಾಗ ಕತ್ತರಿಸಿ ಹೋಗಿತ್ತು. ಮುಂದಿನ ಹಂತಕ್ಕೆ ಹೋಗುವ ಗುಂಡಿ ಆ ಭಾಗದಲ್ಲಿತ್ತು.

ಸಂಗೊಳ್ಳಿಯ ಗೆಳತಿಗೆ ಫೋನ್ ಮಾಡಿದೆ. ಅವಳೂ ಅದೇ ಅರ್ಜಿ ಹಾಕಿದ್ದಳು.

“ನಂಗ ಚಂದ ಕಾಣಸ್ತೈತಿ,” ಎಂದಳು. “ನಿಮ್ಮ ಕಂಪ್ಯೂಟರಿಗೆ ಶನಿ ಹಿಡದಿರಬೇಕು. ಮನ್ಯಾಗs ಜ್ಯೋತಿಷಿ ಅದಾರ, ನನ್ನ ಯಾಕ ಕೇಳ್ತಿ?”

“ಸುಮ್ನ ಹೇಳs.”

“ಹಳೇದೆಲ್ಲಾ ಅಳಿಸಿಬಿಡು. ಬ್ರೌಸರಿನ್ಯಾಗ ಕ್ಯಾಶ್ ಅಂತ ಇರತೈತಿ. ಅದರಿಂದ ಆಗಲಿಲ್ಲಂದ್ರ ನೆಟ್ ಸೆಂಟರಿಗೆ ಹೋಗು.”

ನೆಟ್ ಸೆಂಟರ್ ಬಸ್ ಸ್ಟ್ಯಾಂಡಿನ ಹತ್ತಿರವೇ ಇದೆ. ಅಲ್ಲಿಗೆ ಹೋದರೆ ಪರಿಚಯದವರು ಅವ್ವನ ವಿಷಯ ತೆಗೆಯುತ್ತಾರೆ, ನಾನು ಹೂಂ ಹೂಂ ಎನ್ನುತ್ತ ನಿಲ್ಲಬೇಕು. ಕ್ಯಾಶ್ ಅಳಿಸಿದೆ. ಅಕ್ಷರದ ಗಾತ್ರ ಹೆಚ್ಚು ಕಡಿಮೆ ಮಾಡಿದೆ. ಇನ್ನೊಂದು ಬ್ರೌಸರ್ ಹಾಕಿ ನೋಡಿದೆ. ಅಲ್ಲಿಯೂ ಬೋಳು. ಊಟದ ಹೊತ್ತಿಗೆ ಬಿಟ್ಟು ಎದ್ದೆ.

ಸಂಜೆ ನಾಲ್ಕಕ್ಕೆ ಮತ್ತೆ ತೆರೆದಾಗ ಪುಟ ಸರಿಯಾಗಿತ್ತು. ಕ್ಯಾಶ್ ಅಳಿಸಿದ್ದರ ಪರಿಣಾಮ ತಡವಾಗಿ ಬಂದಿರಬೇಕು ಎಂದುಕೊಂಡು ಅರ್ಧ ಅರ್ಜಿ ತುಂಬಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಉಳಿದದ್ದನ್ನು ನಾಳೆ ತುಂಬಿದರಾಯಿತು ಎಂದು ಬಿಟ್ಟೆ. ಗುರುವಾರ ಬೆಳಿಗ್ಗೆ ಮತ್ತೆ ಬೋಳು. ತುಂಬಿದ ಅರ್ಧವೂ ಕಾಣಲಿಲ್ಲ.

ನನಗೆ ಎಲ್ಲವನ್ನೂ ಬರೆದಿಡುವ ರೂಢಿ. ಪುಟ ಯಾವಾಗ ಕೆಟ್ಟಿತ್ತು, ಯಾವಾಗ ಸರಿಯಿತ್ತು ಎಂದು ಬರೆದು, ಅದರ ಪಕ್ಕಕ್ಕೆ ನನಗಿಂತ ಮುಂಚೆ ಕುರ್ಚಿಯಲ್ಲಿ ಯಾರಿದ್ದರು ಎಂದೂ ಬರೆದೆ. ಎಲ್ಲ ಸಲವೂ ಅಪ್ಪನೇ. ಅಪ್ಪ ಈ ಕಂಪ್ಯೂಟರಿನಲ್ಲಿ ಹಳೆಯ ಜಾತಕದ ಪ್ರೋಗ್ರಾಂ ಇಟ್ಟುಕೊಂಡಿದ್ದಾರೆ; ಜನ ಕುಂಡಲಿ ಕೂಡಿಸಲು ಬರುತ್ತಾರೆ. ಬುಧವಾರ ಮಧ್ಯಾಹ್ನ ದೊಡವಾಡದಿಂದ ಇಬ್ಬರು ಬಂದು ಹೋಗಿದ್ದರು, ಅದರ ಮೇಲೆ ಪುಟ ಸರಿಯಿತ್ತು. ಅಪ್ಪ ಒಬ್ಬರೇ ಕುಳಿತು ಎದ್ದ ಮೇಲೆ ಎರಡು ಸಲವೂ ಕೆಟ್ಟಿತ್ತು.

ಆಮೇಲೆ ಪರದೆಯ ಬಲ ಮೂಲೆ ನೋಡಿದೆ. ದಿನವೂ ತಾರೀಖು ಬರೆಯುವ ನಾನು ಅಲ್ಲಿಯ ತಾರೀಖನ್ನು ನೋಡಿರಲಿಲ್ಲ. ಕಂಪ್ಯೂಟರಿನಲ್ಲಿ ಅದು ಫೆಬ್ರುವರಿ ಇಪ್ಪತ್ತೊಂದು, ಸಂಜೆ ನಾಲ್ಕು ನಲವತ್ತು. ಅವ್ವ ತೀರಿಕೊಂಡದ್ದು ಆ ದಿನ, ನಾಲ್ಕು ಹತ್ತಕ್ಕೆ. ಅಪ್ಪ ಕುರ್ಚಿ ಬಿಟ್ಟೆದ್ದು ಹೆಚ್ಚುಕಡಿಮೆ ಅರ್ಧ ಗಂಟೆಯಾಗಿತ್ತು.

ಪುಟ ಕೆಡುವುದಕ್ಕೆ ಕಾರಣ ಇಷ್ಟೇ. ಪ್ರತಿ ಜಾಲತಾಣಕ್ಕೂ ಒಂದು ಪ್ರಮಾಣಪತ್ರವಿರುತ್ತದೆ, ಅದು ಇಂಥ ದಿನದಿಂದ ಇಂಥ ದಿನದವರೆಗೆ ಎಂದಿರುತ್ತದೆ. ಬ್ರೌಸರ್ ಅದನ್ನು ಕಂಪ್ಯೂಟರಿನ ತಾರೀಖಿಗೆ ಹೋಲಿಸುತ್ತದೆ. ಅರ್ಜಿಯ ಪುಟ ಎರಡು ತಾಣಗಳಿಂದ ಕೂಡಿ ಬರುತ್ತದೆ. ಅಕ್ಷರಗಳು ಬರುವ ತಾಣದ ಪತ್ರ ಹಳೆಯದು, ಫೆಬ್ರುವರಿಗೂ ನಡೆಯುತ್ತಿತ್ತು. ಬಣ್ಣ ಮತ್ತು ಜೋಡಣೆ ಬರುವ ತಾಣದ ಪತ್ರ ಮೇ ತಿಂಗಳಿನದು. ಫೆಬ್ರುವರಿಯಲ್ಲಿರುವ ಕಂಪ್ಯೂಟರ್ ಅದನ್ನು ನಂಬುವುದಿಲ್ಲ.

ಅಪ್ಪ ಒಳಗೆ ಕನ್ನಡಕ ಒರೆಸುತ್ತಿದ್ದರು.

“ಅಪ್ಪಾ, ಕಂಪ್ಯೂಟರಿನ್ಯಾಗ ತಾರೀಖು ನೀವು ಬದಲ ಮಾಡೀರೇನ್ರಿ?”

“ಹೂಂ. ಗೋಚಾರ ನೋಡಬೇಕಾಗಿತ್ತು. ಆ ಪ್ರೋಗ್ರಾಂ ಇವತ್ತಿನ ಗ್ರಹ ಅಷ್ಟs ತೋರಸ್ತದ. ಬ್ಯಾರೆ ದಿನದ್ದು ಬೇಕಂದ್ರ ತಾರೀಖು ತಿರುವಬೇಕು. ಜನ ಬಂದ್ರ ಮತ್ತ ಸರಿ ಮಾಡತೇನಿ.”

“ಅವ್ವನ ಕುಂಡ್ಲಿಗೆ ನೋಡಿದ್ರೇನ್ರಿ?”

“ಹೂಂ.”

“ಏನರ ಕಾಣಸ್ತೇನ್ರಿ?”

“ಗುರು ನೆಟ್ಟಗ ಇದ್ದ.” ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದರು. “ಅದs ತಿಳೀವಲ್ದು. ನಿನ್ನ ಕೆಲಸಕ್ಕ ಅಡ್ಡಿ ಆತೇನು?”

“ನಾಳಿ ಐದರ ತನಕ ತಾರೀಖು ಸರಿ ಇರಬೇಕ್ರಿ. ಅರ್ಜಿ ಐತಿ.”

“ಮೊದಲs ಹೇಳಬಾರದೇನವಾ? ನಾಳಿ ಐದರ ಮ್ಯಾಲೆ ಕೂಡತೇನಿ.”

ತಾರೀಖು ಸರಿಮಾಡಿದೆ. ಪುಟಕ್ಕೆ ಬಣ್ಣ ಬಂತು. ಅರ್ಧ ತುಂಬಿದ್ದು ಹಾಗೇ ಇತ್ತು. ಶುಕ್ರವಾರ ಮೂರು ಇಪ್ಪತ್ತಕ್ಕೆ ಅರ್ಜಿ ಮುಗಿಯಿತು, ಸ್ವೀಕೃತಿ ಬಂತು. ಗೆಳತಿಗೆ ತಿಳಿಸಿದಾಗ “ಶನಿ ಬಿಡ್ತೇನು?” ಎಂದಳು. ತಾರೀಖು ತಪ್ಪಾಗಿತ್ತು ಎಂದಷ್ಟೇ ಹೇಳಿದೆ. ಸಂತೋಷವಾಗಬೇಕಿತ್ತು, ಚಹಾ ಮಾಡಿದೆ. ಐದು ದಾಟಿದ ಮೇಲೆ ಅಪ್ಪ ಬಂದು ಕುಳಿತರು, ನಾನು ಕುರ್ಚಿ ಬಿಟ್ಟುಕೊಟ್ಟೆ.

ಇನ್ನು ಮುಂದೆ ಆಯ್ಕೆಯ ಪಟ್ಟಿಗಳು ಅದೇ ಪುಟದಲ್ಲಿ ಬರುತ್ತವೆ. ಹೆಸರು ಬಂದರೆ ಎರಡೇ ದಿನದೊಳಗೆ ಒಪ್ಪಿಗೆ ಕೊಡಬೇಕು, ಇಲ್ಲವಾದರೆ ಸೀಟು ಬೇರೆಯವರಿಗೆ. ಪಟ್ಟಿ ಬರುವ ದಿನ ಮೊದಲೇ ಗೊತ್ತಾಗುವುದಿಲ್ಲ. ಅಪ್ಪನಿಗೆ ನೋಡಬೇಡಿ ಎನ್ನಲು ನನಗೆ ಆಗುವುದಿಲ್ಲ. ಹಿಂದೆ ಅವರು ಪಂಚಾಂಗ ಹಿಡಿದು ಕೈಯಲ್ಲೇ ಗುಣಿಸುತ್ತಿದ್ದರು. ಈಗ ಅದರ ಸಣ್ಣ ಅಂಕಿಗಳು ಅವರ ಕಣ್ಣಿಗೆ ಹಿಡಿಯುವುದಿಲ್ಲ.

ಇಂಥ ಹಳೆಯ ಜಾತಕದ ಪ್ರೋಗ್ರಾಮಿನಲ್ಲಿ ಕಂಪ್ಯೂಟರಿನ ತಾರೀಖು ಮುಟ್ಟದೆ ಕಳೆದ ದಿನದ ಗೋಚಾರ ನೋಡುವ ದಾರಿ ಗೊತ್ತಿದ್ದವರು ದಯವಿಟ್ಟು ಬರೆದು ತಿಳಿಸಿ. ಅವ್ವ ತೀರಿಕೊಂಡ ಗಳಿಗೆಯನ್ನು ಹೊಸದೊಂದು ಜನನದ ಸಮಯವೆಂದು ತುಂಬಿ ನೋಡಬಹುದು ಎಂಬುದು ನನಗೂ ಗೊತ್ತಿದೆ. ಅದಕ್ಕೆ ಅಪ್ಪ ಒಪ್ಪುವುದಿಲ್ಲ. ಬೇರೆ ದಾರಿ ಇದ್ದರೆ ಬರೆಯಿರಿ.