ಖಾಲಿ ಶೀಟು ತೋರಿಸಿದರೆ ಸಾಕು

ಪಟ್. ಪಟ್. ಬೆಳ್ಳಿ ಬಣ್ಣದ ಹಾಳೆ ಒಡೆದು ಮಾತ್ರೆ ಹೊರಬರುವ ಸದ್ದು. ಕಂಪ್ಲಿಗೆ, ತಂಗಿಯ ಮನೆಗೆ ಹೋದಾಗಲೆಲ್ಲ ಅಡುಗೆಮನೆಯಿಂದ ಅದು ಕೇಳುತ್ತಿತ್ತು. ಮೊದಲು ದಿನಕ್ಕೊಮ್ಮೆ. ಆಮೇಲೆ ಊಟಕ್ಕೆ ಮುಂಚೆ, ಊಟದ ನಡುವೆ, ಚಹಾದ ಜೊತೆ.

ತಂಗಿ ರೈಸ್ ಮಿಲ್ಲಿನ ಮನೆಯ ಸೊಸೆ. ಒಂದು ಕಾಳು ಭತ್ತ ಹಲ್ಲಿಗಿಟ್ಟು ಕಚ್ಚಿ, ಇನ್ನೆಷ್ಟು ಬಿಸಿಲು ಬೇಕೆಂದು ಹೇಳುತ್ತಿದ್ದಳು. ಶೀ ವಾಸ್ ನೆವರ್ ರಾಂಗ್. ಸೊಂಟನೋವಿಗೆಂದು ಹೊಸಪೇಟೆಯ ಡಾಕ್ಟರೊಬ್ಬರು ಐದು ದಿನಕ್ಕೆ ಬರೆದುಕೊಟ್ಟ ಮಾತ್ರೆ ಅದು. ಚೀಟಿ ಎಲ್ಲೋ ಕಳೆದುಹೋಯಿತು, ಖಾಲಿ ಶೀಟು ಉಳಿಯಿತು. ನಮ್ಮ ಕಡೆ ಅಷ್ಟು ಸಾಕು. ಮೆಡಿಕಲ್ ಶಾಪಿನ ಗಾಜಿನ ಮೇಲೆ ಅದನ್ನಿಟ್ಟು "ಇದs ಕೊಡ್ರಿ" ಅಂದರೆ ಮುಗಿಯಿತು.

ಒಮ್ಮೆ ಅವಳೇ ಶೀಟನ್ನು ನನ್ನ ಕೈಗಿಟ್ಟಳು. "ಅಕ್ಕಾ, ನೀ ಕಾನ್ವೆಂಟಿನ್ಯಾಗ ಓದಿದಾಕಿ. ಈ ಕೆಂಪು ಗೆರಿ ಯಾಕ ಹಾಕ್ಯಾರ, ನೋಡು."

ಕನ್ನಡಕ ಏರಿಸಿ ಓದಿದೆ. ಚಟವಾಗಬಹುದು, ಡಾಕ್ಟರ ಚೀಟಿಯಿಲ್ಲದೆ ಮಾರಬಾರದು ಎಂದಿತ್ತು. ನಾನು, ಇಂಗ್ಲಿಷ್ ಬಲ್ಲವಳು, ಹೇಳಿದ್ದೇನು? "ಏನಿಲ್ಲ, ಬರೇ ಫಾರ್ಮಾಲಿಟಿ. ಎಲ್ಲಾ ಗುಳಿಗಿ ಮ್ಯಾಲೂ ಹಿಂಗ ಬರೀತಾರ."

ಎರಡು ವರ್ಷದಲ್ಲಿ ಅವಳು ಕೂತಲ್ಲೇ ತೂಕಡಿಸತೊಡಗಿದಳು. ಮಾತ್ರೆ ಸಿಗದ ದಿನ ಬೆವರು, ನಡುಕ, ವಾಂತಿ. ನಾನು ಮೆಡಿಕಲ್ ಶಾಪಿಗೇ ಹೋಗಿ ಕೇಳಿದೆ, "ಚೀಟಿ ಇಲ್ದ ಹೆಂಗ ಕೊಡ್ತೀರಿ?"

ಅಂಗಡಿಯವನು ನಕ್ಕ. "ಅಮ್ಮಾರ, ಅವ್ರು ದೊಡ್ಡ ಮನಿಯವ್ರು. ಅವ್ರಿಗೆ ಚೀಟಿ ಕೇಳಾಕ ಆಗ್ತೈತೇನ್ರಿ?"

ಹೌ ಡೇರ್ ಹೀ! ಮೈಯೆಲ್ಲ ಉರಿಯುತ್ತ ಮನೆಗೆ ಬಂದರೆ ತಂಗಿಯ ಗಂಡ ಪೇಪರು ಹಿಡಿದು ಕೂತಿದ್ದ. "ಈ ಹಂಪಿ ಕಡಿ ಗಾಂಜಾ ಸೇದೋರನ್ನ ಒದ್ದು ಒಳಗ ಹಾಕ್ಬೇಕು ನೋಡ್ರಿ, ಅಕ್ಕಾರ."

"ನಿಮ್ಮ ಅಡಿಗಿಮನ್ಯಾಗ ಏನ್ ನಡದೈತಿ, ಅದನ್ನ ನೋಡ್ರಿ ಮೊದ್ಲು. ನಾಳೇನs ಬಳ್ಳಾರಿಗೆ ಕರ್ಕೊಂಡ್ ಹೋಗೂಣು, ಚಟ ಬಿಡ್ಸೋ ವಾರ್ಡಿಗೆ."

"ಆ ವಾರ್ಡಿಗಾ? ಕುಡುಕ್ರ ಬಾಜೂಕ ನಮ್ಮ ಮನಿ ಹೆಣ್ಮಗಳು ಮಲಗ್ಬೇಕಾ? ಮಂದಿ ಏನಂದಾರು? ಬ್ಯಾಡ್ರಿ. ಆಕಿ ತಗೊಳ್ಳೋದು ಔಷಧ."

ಔಷಧವಂತೆ! ಹೊಳೆದಂಡೆಯಲ್ಲಿ ಸೇದಿದರೆ ಚಟ, ದೊಡ್ಡ ಮನೆಯಲ್ಲಿ ನುಂಗಿದರೆ ಔಷಧ. ಅವಳ ಉಸಿರಿಗಿಂತ ಮನೆಯ ಮರ್ಯಾದೆ ಹೆಚ್ಚಾಯಿತು ಅವನಿಗೆ. ಇಪ್ಪತ್ತು ದಿನ ಕಳೆದಿರಲಿಲ್ಲ, ಮಧ್ಯಾಹ್ನ ಉಂಡು ಮಲಗಿದವಳು ಏಳಲೇ ಇಲ್ಲ. ಹಾರ್ಟ್ ಅಟ್ಯಾಕ್ ಎಂದು ಊರಿಗೆಲ್ಲ ಹೇಳಿದರು. ನಾನು ಹಾಗೆ ಹೇಳುವವಳಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ಆ ಜಗಳದ ದಿನವೇ. ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಬಂದಳು, ಚಿಕ್ಕಂದಿನಂತೆ ನನ್ನ ಕೈ ಹಿಡಿದು. ಬಸ್ಸು ಬಂದಾಗ ನೋಡಿದೆ: ಅವಳ ಇನ್ನೊಂದು ಕೈ ನನ್ನ ಹ್ಯಾಂಡ್‌ಬ್ಯಾಗಿನೊಳಗಿತ್ತು.

"ನಿನ್ನ ಮೊಣಕಾಲಿನ ಗುಳಿಗಿ ಇದ್ರ ಒಂದs ಒಂದು ಕೊಡು, ಅಕ್ಕಾ."

ಕೈ ತೆಗೆಸಿ ಜಿಪ್ ಎಳೆದು ಬಸ್ಸು ಹತ್ತಿದೆ. ಅವಳನ್ನೂ ಹತ್ತಿಸಿಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ. ಕಿಟಕಿಯಿಂದ ತಿರುಗಿ ನೋಡಿದಾಗ ಸೆರಗಿನಿಂದ ಮುಖದ ಬೆವರು ಒರೆಸಿಕೊಳ್ಳುತ್ತಿದ್ದಳು. ಆಮೇಲೆ, ಮನೆಯ ದಾರಿ ಬಿಟ್ಟು, ಮೆಡಿಕಲ್ ಶಾಪಿನ ಕಡೆ ನಡೆದಳು.